ಎಡ ಸೀಟಿನ ಕಿವಿ

ಲಾರಿ ನಿಲ್ಲುವ ಕಡೆಯಲ್ಲೆಲ್ಲ ಅವಳನ್ನು ಕ್ಲೀನರಮ್ಮ ಎಂದೇ ಕರೆಯುತ್ತಿದ್ದರು. ತಮಾಷೆಗೆ ಹುಟ್ಟಿದ ಹೆಸರು ಅದು. ಗಂಡ ಓಡಿಸುವ ಸ್ವಂತ ಲಾರಿಯ ಎಡ ಸೀಟಿನಲ್ಲಿ ಕೂತು ಊರೂರು ಸುತ್ತುವ ಹೆಂಗಸನ್ನು ಏನೆಂದು ಕರೆಯಬೇಕೋ ತಿಳಿಯದೆ ಟೈರ್ ಅಂಗಡಿಯವನೊಬ್ಬ, "ಏನಣ್ಣಾ, ಹೊಸ ಕ್ಲೀನರಾ?" ಎಂದು ಕೇಳಿದ್ದ. ಗಂಡ ಬಾಯಿ ತೆರೆಯುವ ಮೊದಲೇ ಅವಳು, "ಹೌದಪ್ಪಾ. ಸಂಬಳ ಇಲ್ಲ, ಬೈಗುಳ ಮಾತ್ರ ಹೊತ್ತುಹೊತ್ತಿಗೆ ಸಿಗುತ್ತೆ" ಎಂದಿದ್ದಳು. ಅಂಗಡಿಯೆಲ್ಲ ನಕ್ಕಿತ್ತು. ಆ ನಗು ರಸ್ತೆಯುದ್ದಕ್ಕೂ ಹರಡಿ ಹೆಸರಾಗಿ ಉಳಿಯಿತು.

ಮಗಳ ಮದುವೆಯಾದ ಮೇಲೆ ಮನೆಯಲ್ಲಿ ಒಬ್ಬಳೇ ಇರಲಾರದೆ ಗಂಡನ ಜೊತೆ ಹೊರಟೆ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಅದು ಸುಳ್ಳೇನಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಅವಳ ಗಂಡ ಹೆಸರುವಾಸಿ ಡ್ರೈವರ್. ಅದಕ್ಕಿಂತ ಹೆಚ್ಚಾಗಿ ಹೆಸರುವಾಸಿಯಾದದ್ದು ಅವನ ಕಿವಿ. ಇಂಜಿನ್ನಿನ ಸದ್ದು ಕೇಳಿಯೇ ಒಳಗೆ ಯಾವುದು ಸವೆದಿದೆ, ಯಾವುದು ಸಡಿಲಾಗಿದೆ ಎಂದು ಹೇಳಬಲ್ಲವನಾಗಿದ್ದ. ಬೇರೆ ಡ್ರೈವರುಗಳು ತಮ್ಮ ಲಾರಿಯನ್ನು ಅವನ ಮುಂದೆ ನಿಲ್ಲಿಸಿ, "ಅಣ್ಣಾ, ಸ್ವಲ್ಪ ಕಿವಿ ಕೊಡು" ಎನ್ನುತ್ತಿದ್ದರು. ಅವನು ಕಣ್ಣು ಮುಚ್ಚಿ, ತಲೆ ಒಂದು ಕಡೆ ಓರೆ ಮಾಡಿ, ಡಾಕ್ಟರನ ಹಾಗೆ ಹೂಂಗುಟ್ಟುತ್ತಿದ್ದ. ಅಷ್ಟು ವರ್ಷ ಇಂಜಿನ್ನಿನ ಪಕ್ಕದಲ್ಲೇ ಕೂತದ್ದಕ್ಕೋ ಏನೋ, ಆ ಕಿವಿಯೇ ಮೊದಲು ಕೈಕೊಟ್ಟಿತು.

ಕೈಕೊಟ್ಟದ್ದು ಒಂದೇ ದಿನದಲ್ಲಲ್ಲ. ಊಟಕ್ಕೆ ಕೂತಾಗ "ಹಾಂ?" ಎನ್ನುವುದು ಹೆಚ್ಚಾಯಿತು. ಟಿವಿಯ ಸದ್ದು ಏರಿತು. ಮಗಳು ಫೋನ್ ಮಾಡಿದರೆ ಎರಡು ಮಾತಾಡಿ, "ತಗೋ, ನಿನ್ನ ಅಮ್ಮನ ಹತ್ರ ಮಾತಾಡು" ಎಂದು ಫೋನು ದಾಟಿಸುತ್ತಿದ್ದ. ಒಂದು ದಿನ ಗೋದಾಮಿನ ಅಂಗಳದಲ್ಲಿ ಲಾರಿ ಹಿಂದಕ್ಕೆ ತೆಗೆಯುತ್ತಿದ್ದಾಗ ಕ್ಲೀನರು ಹಿಂದೆ ನಿಂತು ಬಾಡಿ ಬಡಿಯುತ್ತ "ಸಾಕು, ಸಾಕು!" ಎಂದು ಅರಚಿದರೂ ನಿಲ್ಲಿಸದೆ ಹೋಗಿ ಗೋಡೆಗೆ ಗುದ್ದಿದ. ತಪ್ಪನ್ನು ಕ್ಲೀನರನ ತಲೆಗೆ ಕಟ್ಟಿ ಅವನನ್ನು ಕೆಲಸದಿಂದ ಬಿಡಿಸಿದ. ಆ ಸಂಜೆ ಹೆಂಡತಿ ಅವನ ಬೆನ್ನ ಹಿಂದೆ ನಿಂತು ಬೇಕೆಂದೇ ಒಂದು ಪಾತ್ರೆಯ ಮುಚ್ಚಳವನ್ನು ನೆಲಕ್ಕೆ ಬೀಳಿಸಿದಳು. ಅವಳ ಹಲ್ಲು ಜುಮ್ಮೆನ್ನುವಂತೆ ಅದು ಸದ್ದು ಮಾಡಿತು. ಅವನು ಪೇಪರಿನ ಹಾಳೆ ಮಗುಚಿದ, ಅಷ್ಟೇ.

ಅವಳು ಮುಚ್ಚಳ ಎತ್ತಿ ಜಾಗಕ್ಕಿಟ್ಟಳು. ಮಾತನ್ನು ಹೊಟ್ಟೆಯಲ್ಲಿಟ್ಟಳು. ಮುಂದಿನ ಲೋಡಿಗೆ ಅವನು ಹೊರಟಾಗ ಒಂದು ಬ್ಯಾಗ್ ಹಿಡಿದು ಎಡ ಸೀಟಿಗೆ ಹತ್ತಿ ಕೂತಳು. "ನೀನೆಲ್ಲಿಗೆ?" ಎಂದ. "ಮನೆ ಬಿಕೋ ಅನ್ನುತ್ತೆ" ಎಂದಳು. ಅವನು ಮತ್ತೆ ಕೇಳಲಿಲ್ಲ.

ದಾರಿಯಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆಯಿತು. ಅವಳ ಬಲಗೈ ಸದಾ ಅವನ ಎಡ ಮೊಣಕಾಲಿನ ಹತ್ತಿರ ಇರುತ್ತಿತ್ತು. ಹಿಂದಿನ ಗಾಡಿ ಹಾರ್ನ್ ಹೊಡೆದರೆ ಮೆಲ್ಲಗೆ ಹಿಸುಕುವಳು. ನಿಲ್ಲಿಸಬೇಕೆಂದರೆ ತಟ್ಟುವಳು. ಚೆಕ್‌ಪೋಸ್ಟಿನ ಗೇಟಿನವನು ಏನಾದರೂ ಕೇಳಿದರೆ ಗಂಡನ ಮುಖಕ್ಕೆ ತಿರುಗಿ, ತುಟಿ ಬಿಡಿಸಿ, "ಏನು ಲೋಡು ಅಂತ ಕೇಳ್ತಿದ್ದಾರೆ" ಎನ್ನುವಳು. ನೋಡಿದವರು ಈ ವಯಸ್ಸಿನಲ್ಲೂ ಎಂಥ ಪ್ರೀತಿ ಎಂದುಕೊಳ್ಳುತ್ತಿದ್ದರು. ಇದೆಲ್ಲ ಯಾಕೆ ಎಂದು ಅವನು ಕೇಳಲಿಲ್ಲ, ಯಾಕೆಂದು ಅವಳೂ ಹೇಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಇಲ್ಲಿ ಬೆಕ್ಕುಗಳು ಎರಡು.

ಹೀಗೆ ವರ್ಷಗಳು ಹೋದವು. ಲಾರಿ ಓಡುತ್ತಿದ್ದಾಗ ಅವಳು ಒಮ್ಮೆಯೂ ನಿದ್ದೆ ಮಾಡಲಿಲ್ಲ. ರೆಪ್ಪೆ ಭಾರವಾದರೆ ಕೆನ್ನೆ ಚಿವುಟಿಕೊಳ್ಳುವಳು. ಕುತ್ತಿಗೆ ಮರಗಟ್ಟಿತು, ಸೊಂಟ ಹಿಡಿಯಿತು, ಬಲಗೈಯ ಬೆರಳುಗಳಲ್ಲಿ ಸದಾ ಒಂದು ಜೋಮು. ಮನೆಗೆ ಬಂದು ಮಲಗಿದರೂ ಬೀದಿಯಲ್ಲಿ ಯಾರೋ ಹಾರ್ನ್ ಹೊಡೆದರೆ ಕೈ ತಾನಾಗಿ ಪಕ್ಕಕ್ಕೆ ಚಾಚುತ್ತಿತ್ತು. ಇನ್ನೊಬ್ಬರ ಕಾಲಾಗಬಹುದು, ಕೈಯಾಗಬಹುದು. ಕಿವಿಯಾಗುವುದು ಎಷ್ಟು ದಣಿವಿನ ಕೆಲಸ ಎನ್ನುವುದು ಆದವರಿಗೇ ಗೊತ್ತು. ಕಿವಿಗೆ ರೆಪ್ಪೆ ಇಲ್ಲವಲ್ಲ.

ಆ ಚಳಿಗಾಲ ಅವರಿಗೆ ಬೆಟ್ಟದ ಮೇಲಿನ ಒಂದು ಊರಿನ ಬಾಡಿಗೆ ಬಂತು. ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಳಾದ ನರ್ಸೊಬ್ಬಳು ಕ್ವಾರ್ಟರ್ಸ್ ಖಾಲಿ ಮಾಡಿ ಬಯಲಿನಲ್ಲಿರುವ ತಂಗಿಯ ಮನೆಗೆ ಹೋಗುವವಳಿದ್ದಳು. ಇಡೀ ಆಸ್ಪತ್ರೆಗೆ ಅವಳು ಸಿಸ್ಟರಮ್ಮ. ಮೊದಲ ದಿನ ಸಂಜೆಯೊಳಗೆ ಸಾಮಾನೆಲ್ಲ ಲಾರಿಗೆ ಏರಿತು: ಕಬ್ಬಿಣದ ಮಂಚ, ಕನ್ನಡಿ ಬಾಗಿಲಿನ ಬೀರು, ಹೊಲಿಗೆ ಯಂತ್ರ, ಸ್ಟೌವ್, ಪಾತ್ರೆಗಳ ಮೂಟೆ, ಹಳೇ ಸೀರೆಯಲ್ಲಿ ಸುತ್ತಿದ ಗಡಿಯಾರ. ಬೆಳಿಗ್ಗೆ ಬೇಗ ಹೊರಡುವುದೆಂದು ಮಾತಾಯಿತು. ಖಾಲಿ ಮನೆಯಲ್ಲಿ ಒಂದು ಚಾಪೆ, ಒಂದು ಕುರ್ಚಿ ಉಳಿಸಿಕೊಂಡು ಸಿಸ್ಟರಮ್ಮ ಮಲಗಿದಳು. ಗಂಡ ಹೆಂಡತಿ ಕ್ಯಾಬಿನ್ನಿನಲ್ಲಿ ಕಂಬಳಿ ಹೊದ್ದು ಮುದುಡಿಕೊಂಡರು.

ಬೆಳಗಾದಾಗ ಗಾಜಿನ ಮೇಲೆ ಮಂಜು ಕಟ್ಟಿತ್ತು. ಹುಲ್ಲಿನ ಮೇಲೆ ಸುಣ್ಣ ಎರಚಿದ ಹಾಗೆ ಬಿಳಿ. ಉಸಿರು ಬಿಟ್ಟರೆ ಹೊಗೆ. ಅವಳು ಹಳೇ ಬಟ್ಟೆಯಿಂದ ಗಾಜು ಉಜ್ಜುತ್ತಿದ್ದಾಗ ಅವನು ಕೈಗೆ ಕೈ ತಿಕ್ಕಿಕೊಂಡು ಹತ್ತಿ ಕೂತ. ಇಂಜಿನ್ನನ್ನು ಬೆಚ್ಚಗಾಗಿಸುವ ಹೀಟರಿನ ಗುಂಡಿ ಒತ್ತಿ ದೀಪ ಆರುವವರೆಗೆ ಕಾದ. ಆಮೇಲೆ ಕೀ ತಿರುಗಿಸಿದ.

ಇಂಜಿನ್ನು ಗರಗರ ತಿರುಗಿತು. ಹತ್ತಿಕೊಳ್ಳಲಿಲ್ಲ.

"ಚಳಿ ಹಿಡಿದಿದೆ" ಎಂದ. ಮತ್ತೆ ಹೀಟರ್, ಮತ್ತೆ ಕೀ. ಗರಗರ. ಮತ್ತೆ. ಅವಳು ಕೆಳಗಿಳಿದು ಹಿಂದೆ ಹೋಗಿ ಸೈಲೆನ್ಸರಿನ ಬಾಯಿ ನೋಡಿದಳು. ಒಂದೆಳೆ ಹೊಗೆಯೂ ಇಲ್ಲ. ಅದನ್ನು ಹೇಳಲು ಮುಂದೆ ಬರುವಷ್ಟರಲ್ಲಿ ಅವನು ಕೀಯನ್ನು ಬಿಡದೆ ಹಿಡಿದಿದ್ದ.

"ರೀ, ಬಿಡಿ. ಒಂದೇ ಸಮ ತಿರುಗಿಸ್ಬೇಡಿ. ಬ್ಯಾಟ್ರಿ ಇಳಿದುಹೋಗುತ್ತೆ."

ಅವನ ಕಣ್ಣು ಮೀಟರಿನ ಮೇಲಿತ್ತು, ಅವಳ ತುಟಿಯ ಮೇಲಲ್ಲ. ಗರಗರ ಸದ್ದು ಬರಬರುತ್ತ ಗೊರಗೊರ ಆಯಿತು, ಮುದುಕ ಮೆಟ್ಟಿಲು ಹತ್ತುವ ಹಾಗೆ ಏದುಸಿರಾಯಿತು. ಕೊನೆಗೆ ಕೀ ತಿರುಗಿಸಿದರೆ ಟಕ್, ಟಕ್ ಎಂಬ ಸಣ್ಣ ಸದ್ದು ಮಾತ್ರ.

ಆ ಸದ್ದು ಅವನಿಗೆ ಕೇಳಿಸುವಂಥದ್ದಲ್ಲ. ಅವನ ಪಾಲಿಗೆ ಲಾರಿ ಪೂರ್ತಿ ಸತ್ತುಹೋಗಿತ್ತು.

"ಇಂಜಿನ್ ತಿರುಗಿಸೋ ಸೆಲ್ಫ್ ಮೋಟಾರೇ ಅಂಟಿಕೊಂಡಿದೆ" ಎಂದು ಕೆಳಗೆ ಧುಮುಕಿದ. "ಎರಡೇಟು ಕೊಟ್ರೆ ಬಿಟ್ಕೊಳುತ್ತೆ."

"ಮೋಟಾರಲ್ಲ ರೀ, ಬ್ಯಾಟ್ರಿ. ಟಕ್ ಟಕ್ ಅಂತಿದೆ."

"ನಂಗೊತ್ತು!" ಎಂದ. ಏನು ಗೊತ್ತು, ಅವಳು ಏನು ಹೇಳಿದಳೆಂದು ಗೊತ್ತೋ ಇಲ್ಲವೋ, ದೇವರಿಗೇ ಗೊತ್ತು.

ಅಷ್ಟರಲ್ಲಿ ಸಿಸ್ಟರಮ್ಮ ಸ್ವೆಟರಿನ ಮೇಲೆ ಶಾಲು ಹೊದ್ದು ಕೈಚೀಲ ಹಿಡಿದು ಬಂದಳು. ಮನೆಯ ಕೀಲಿಯನ್ನು ಆಗಲೇ ಆಫೀಸಿಗೆ ಒಪ್ಪಿಸಿಬಿಟ್ಟಿದ್ದಳು. ಕುರ್ಚಿ ಬೀದಿಯಲ್ಲಿತ್ತು. ಅದರಲ್ಲೇ ಕೂತು, "ಏನಾಯ್ತಪ್ಪಾ?" ಎಂದು ಅವನ ಬೆನ್ನಿಗೆ ಕೇಳಿದಳು. ಅವನು ಸುತ್ತಿಗೆ ಹುಡುಕುತ್ತಿದ್ದ. ಮತ್ತೆ ಕೇಳಿದಳು. ಆಮೇಲೆ ಕೇಳಲಿಲ್ಲ, ಅವನನ್ನು, ಅವನ ಹೆಂಡತಿಯನ್ನು ಒಂದೊಂದು ಸಲ ನೋಡಿ ಶಾಲು ಎಳೆದುಕೊಂಡಳು.

ಆ ಬೀದಿ ಇಳಿಜಾರು. ಲಾರಿಯ ಹಿಂಭಾಗ ಇಳಿಜಾರಿನ ಕಡೆಗಿತ್ತು. ಅಷ್ಟು ಹೊತ್ತೂ ಅದು ಗೇರಿನ ಹಿಡಿತದಲ್ಲಿ ಅಥವಾ ಅವನ ಕಾಲಿನಡಿಯ ಬ್ರೇಕಿನಲ್ಲಿ ನಿಂತಿತ್ತು. ಹ್ಯಾಂಡ್ ಬ್ರೇಕಿನ ತಂತಿ ಜೋಲಾಗಿ ಎಷ್ಟೋ ದಿನವಾಗಿತ್ತು. ಅದಕ್ಕೇ ರಾತ್ರಿ ಹಿಂದಿನ ಚಕ್ರಕ್ಕೆ ಮರದ ತುಂಡೊಂದನ್ನು ಅಡ್ಡ ಕೊಟ್ಟಿದ್ದರು. ಈಗ ಅವನು ಹೆಂಡತಿಯನ್ನು ತನ್ನ ಸೀಟಿಗೆ ಹತ್ತಿಸಿ, ಗೇರ್ ತೆಗೆದು ನ್ಯೂಟ್ರಲ್ ಮಾಡಿ, "ನಾನು ಕೆಳಗಿನಿಂದ ಎರಡು ಸಲ ಬಡೀತೀನಿ, ಆಗ ಕೀ ತಿರುಗಿಸು" ಎಂದು ಹೇಳಿ, ಮುಂದಿನ ಚಕ್ರದ ಹಿಂದಿನಿಂದ ಲಾರಿಯಡಿ ತೂರಿಕೊಂಡ. ಅವನ ಕಾಲುಗಳೆರಡೂ ಚಕ್ರದ ಹಿಂದೆ ಹೊರಗೆ ಚಾಚಿದ್ದವು.

ಅವಳು ಕೀಯ ಮೇಲೆ ಕೈಯಿಟ್ಟು ಕೂತಳು. ಕೆಳಗೆ ಸುತ್ತಿಗೆಯ ಸದ್ದು. ಗಾಜಿನಾಚೆ ಬೀದಿಯ ದೀಪದ ಕಂಬವನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಕಂಬ ಸ್ವಲ್ಪ ಮುಂದಕ್ಕೆ ಹೋದ ಹಾಗಾಯಿತು.

ಕಂಬ ನಡೆಯುವುದಿಲ್ಲ ಎಂದು ತಲೆಗೆ ಹೊಳೆಯುವಷ್ಟರಲ್ಲಿ ಅವಳ ಎರಡು ಕಾಲೂ ಬ್ರೇಕಿನ ಮೇಲಿದ್ದವು. ಇಂಜಿನ್ ಇಲ್ಲದ ಬ್ರೇಕು ಕಲ್ಲಿನ ಹಾಗೆ ಗಟ್ಟಿ. ಸ್ಟೇರಿಂಗ್ ಹಿಡಿದು, ಸೀಟಿನಿಂದ ಎದ್ದು, ಮೈಭಾರವನ್ನೆಲ್ಲ ಬ್ರೇಕಿನ ಮೇಲೆ ಹಾಕಿದಳು. "ರೀ! ಹೊರಗೆ ಬನ್ನಿ! ರೀ!"

ಟಣ್, ಟಣ್, ಎಂದು ಸುತ್ತಿಗೆ ತನ್ನ ಪಾಡಿಗೆ ತಾನು ಬಡಿಯುತ್ತಿತ್ತು.

"ಏಯ್, ಬಾರಪ್ಪಾ ಈಚೆಗೆ! ಗಾಡಿ ಜಾರ್ತಿದೆ!" ಸಿಸ್ಟರಮ್ಮ ಕುರ್ಚಿ ಬೀಳಿಸಿಕೊಂಡು ಎದ್ದು ಕೂಗಿದಳು. ಮಂಜಿನ ಮೇಲೆ ಮರದ ತುಂಡು ಸರ್ರನೆ ಜಾರುತ್ತಿತ್ತು. ಟಣ್, ಟಣ್. ಸಿಸ್ಟರಮ್ಮ ಓಡಿಬಂದು ಅವನ ಎರಡೂ ಪಾದಗಳನ್ನು ಹಿಡಿದು, ಹೆಣವನ್ನು ಎಳೆಯುವವರ ಹಾಗೆ, ಒಂದೇ ಸಲಕ್ಕೆ ಹೊರಗೆಳೆದಳು. ವಾರ್ಡಿನಲ್ಲಿ ಎಷ್ಟು ಮಂದಿಯನ್ನು ಮಂಚದಿಂದ ಮಂಚಕ್ಕೆ ಎತ್ತಿ ಹಾಕಿದ ಕೈಗಳೋ ಅವು.

ಲಾರಿ ಒಂದು ಗೇಣು ಜಾರಿ ನಿಂತಿತು. ಬ್ರೇಕ್ ಹಿಡಿದಿತ್ತು.

ಅಂಗಾತ ಬಿದ್ದಲ್ಲಿಂದಲೇ ಅವನು, "ಏನ್ರೀ ಇದು? ಯಾಕೆ ಎಳೀತೀರಿ?" ಎಂದು ರೇಗಿದ. ಆಮೇಲೆ ಚಕ್ರ ಇದ್ದ ಜಾಗ ನೋಡಿದ, ತನ್ನ ಕಾಲಿದ್ದ ಜಾಗ ನೋಡಿದ. ಎದ್ದು ದೊಡ್ಡದೊಂದು ಕಲ್ಲು ಹೊತ್ತು ತಂದು ಚಕ್ರಕ್ಕೆ ಕೊಟ್ಟ. ಗೇರ್ ಹಾಕು ಎಂದು ಸನ್ನೆ ಮಾಡಿದ. ಅವಳು ಗೇರ್ ಹಾಕಿದಳು. ಬ್ರೇಕಿನಿಂದ ಕಾಲು ತೆಗೆಯಲು ಮಾತ್ರ ಆಗಲಿಲ್ಲ. ಅವನೇ ಬಾಗಿಲು ತೆಗೆದು ಅವಳ ಪಾದಗಳನ್ನು ಒಂದೊಂದಾಗಿ ಎತ್ತಿ ಇಳಿಸಿದ.

"ಜಾರ್ತಿದ್ರೆ ಕೂಗಬಾರದೇನೆ?" ಎಂದ.

ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. "ಕೂಗಿದೆ. ಗಂಟಲು ಹರಿಯೋ ಹಾಗೆ ಕೂಗಿದೆ. ಸಿಸ್ಟರಮ್ಮನೂ ಕೂಗಿದ್ರು. ನಿಮಗೆ ಕೇಳಿಸ್ಲಿಲ್ಲ ರೀ."

"ಸುತ್ತಿಗೆ ಸದ್ದಲ್ಲಿ ಯಾರಿಗೂ ಕೇಳಿಸಲ್ಲ."

"ಸುತ್ತಿಗೆ ಸದ್ದಾದ್ರೂ ನಿಮಗೆ ಕೇಳಿಸ್ತಿತ್ತಾ?"

ಇದನ್ನು ಅವಳು ಅವನ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಅಕ್ಷರ ಬಿಡಿಸಿ ಕೇಳಿದಳು. ತಪ್ಪಿಸಿಕೊಳ್ಳಲು ಅವನಿಗೆ ಜಾಗವಿರಲಿಲ್ಲ. ಕೈಯಲ್ಲಿದ್ದ ಸುತ್ತಿಗೆಯನ್ನು ಪರರ ವಸ್ತುವಿನ ಹಾಗೆ ನೋಡಿದ. ಲಾರಿಯ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಯಾವಾಗಿಂದ ಗೊತ್ತು ನಿಂಗೆ?"

"ಗೋದಾಮಿನ ಗೋಡೆಗೆ ಗುದ್ದಿದ ದಿನದಿಂದ."

"ಒಂದು ಮಾತು ಹೇಳ್ಲಿಲ್ಲ."

"ನೀವು ಹೇಳಿದ್ರಾ?"

ಸಿಸ್ಟರಮ್ಮ ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿ, ಕೈಗಂಟಿದ ಗ್ರೀಸನ್ನು ಕರ್ಚೀಫಿನಲ್ಲಿ ಒರೆಸುತ್ತ ಬೇರೆ ಕಡೆ ನೋಡುತ್ತಿದ್ದಳು. ಗಂಡ ಹೆಂಡಿರ ಮಾತು ಕೇಳಿಸದ ಹಾಗೆ ಇರುವುದೂ ಅವಳಿಗೆ ವಾರ್ಡಿನಲ್ಲಿ ಕಲಿತ ವಿದ್ಯೆಯೇ.

ಹೆಂಡತಿಯ ಒಳಗೆ ಕಟ್ಟಿಕೊಂಡಿದ್ದದ್ದು ಈಗ ತಡೆಯಿಲ್ಲದೆ ಬಂತು. ಕೂಗಲಿಲ್ಲ. ಕೂಗುವ ಶಕ್ತಿಯೆಲ್ಲ ಬ್ರೇಕಿನ ಮೇಲೆ ಖರ್ಚಾಗಿತ್ತು. "ನಂಗೆ ಸಾಕಾಗಿದೆ ರೀ. ನೀವು ರಸ್ತೆ ನೋಡ್ತೀರಿ, ನಾನು ರಸ್ತೆ ಕೇಳ್ತೀನಿ. ಕೇಳಿ ಕೇಳಿ ಸಾಕಾಗಿದೆ. ಒಂದು ದಿನ ನಾನು ತೂಕಡಿಸಿದ್ರೆ ನಮ್ಮಿಬ್ಬರ ಕಥೆ ಏನು? ರಸ್ತೇಲಿ ಇರೋರ ಕಥೆ ಏನು? ಇವತ್ತು ನಾನು ಎಚ್ಚರವಾಗೇ ಇದ್ದೆ. ಆದ್ರೂ ನನ್ನ ಕೈ ನಿಮಗೆ ಎಟುಕ್ಲಿಲ್ಲ."

ಅವಳ ಮಾತು ಅವನಿಗೆ ಎಷ್ಟು ತಲುಪಿತೋ. ಕೊನೆಯದು ತಲುಪಿರಬೇಕು, ಅವಳ ಬಲಗೈಯನ್ನು ನೋಡಿದ. ಆಮೇಲೆ ಸುತ್ತಿಗೆಯನ್ನು ಡಬ್ಬಿಗೆ ಹಾಕಿ, ಮೊದಲ ಸಲ, ತಾನಾಗಿ ತನ್ನ ಮುಖವನ್ನು ಅವಳ ಮುಖದ ಹತ್ತಿರ ತಂದ.

"ಸರಿ. ಈಗ ಹೇಳು. ಬೆಳಿಗ್ಗೆಯಿಂದ ನಿಂಗೆ ಏನೇನು ಕೇಳಿಸ್ತು?"

ಅವಳು ಹೇಳಿದಳು. ಮೊದಲು ಗರಗರ, ಚೆನ್ನಾಗೇ, ಸರಾಗವಾಗಿ ತಿರುಗಿತು. ಆಮೇಲೆ ನಿಧಾನ. ಆಮೇಲೆ ಟಕ್ ಟಕ್.

"ಮೊದಲು ಜೋರಾಗಿ ತಿರುಗ್ತಿತ್ತಾ? ನಿಜ?"

"ನಿಜ. ಹೊಗೆ ಮಾತ್ರ ಇರ್ಲಿಲ್ಲ. ಹಿಂದೆ ಹೋಗಿ ನೋಡಿದೆ. ಬಿಳಿ ಇಲ್ಲ, ಕಪ್ಪಿಲ್ಲ, ಏನೂ ಇಲ್ಲ."

ಅವನು ಕಣ್ಣು ಮುಚ್ಚಿ ತಲೆ ಓರೆ ಮಾಡಿದ. ಹಳೆಯ ಅಭ್ಯಾಸ. "ಹಾಗಾದ್ರೆ ಮೋಟಾರು ಸರಿ ಇದೆ. ಬ್ಯಾಟ್ರೀನ ನಾನೇ ಕೊಂದೆ. ಡೀಸೆಲ್ಲು ಇಂಜಿನ್ನೊಳಗೆ ಹೋಗಿ ಉರೀದೇ ಇದ್ದಿದ್ರೆ ಬಿಳಿ ಹೊಗೆಯಾದ್ರೂ ಬರ್ತಿತ್ತು. ಹೊಗೆನೇ ಇಲ್ಲ ಅಂದ್ರೆ ಡೀಸೆಲ್ಲೇ ಹೋಗ್ತಿಲ್ಲ." ಕಣ್ಣು ತೆರೆದ. "ಟ್ಯಾಂಕ್ ತುಂಬಿಸಿದ್ದು ಕೆಳಗೆ ಬಯಲಲ್ಲಿ, ಸೆಕೇಲಿ. ಆ ಡೀಸೆಲ್ಲು ಈ ಚಳಿಗೆ ಮೇಣ ಕಟ್ಟಿರುತ್ತೆ."

ಫಿಲ್ಟರು ಬಿಚ್ಚಿದರೆ ಮಾತು ನಿಜವಾಗಿತ್ತು. ಚಳಿಗಾಲದಲ್ಲಿ ಬಾಟಲಿಯೊಳಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ, ಹಾಗೆ ಡೀಸೆಲ್ಲು ಬೆಳ್ಳಗೆ ಮಂದವಾಗಿ ಫಿಲ್ಟರಿನ ಸಂದುಗಳನ್ನೆಲ್ಲ ಮುಚ್ಚಿತ್ತು. ಬೆಂಕಿ ತೋರಿಸುವ ಹಾಗಿಲ್ಲ. ಬಿಸಿನೀರು ಬೇಕು.

"ಬಿಸಿನೀರಾ?" ಸಿಸ್ಟರಮ್ಮ ಲಾರಿಯ ಮೇಲಿನ ತನ್ನ ಸಂಸಾರವನ್ನು ನೋಡಿದಳು. "ಸ್ಟೌವ್ ಬೀರುವಿನ ಹಿಂದಿದೆ. ಬೀರು ಮಂಚದ ಹಿಂದಿದೆ. ಪಾತ್ರೆ ಎಲ್ಲಿದೆಯೋ, ಕಟ್ಟಿದ ನನಗೇ ಗೊತ್ತಿಲ್ಲ." ಶಾಲು ಕೊಡವಿ ಹೊರಟಳು. "ತಡೀರಿ. ಆಸ್ಪತ್ರೆ ಅಡುಗೆಮನೆಯವರು ನನ್ನನ್ನ ಇನ್ನೂ ಮರೆತಿರಲ್ಲ."

ಮರೆತಿರಲಿಲ್ಲ. ಅವಳು ವಾಪಸು ಬಂದಾಗ ಎರಡು ದೊಡ್ಡ ಕೆಟಲುಗಳಲ್ಲಿ ಕುದಿನೀರು, ಮೂರು ಲೋಟ ಟೀ, ಹಿಂದೆ ಆಂಬುಲೆನ್ಸಿನ ಡ್ರೈವರು ಇದ್ದರು. ಅವನು ಸೊಂಟದ ಮೇಲೆ ಕೈಯಿಟ್ಟು ಲಾರಿಯನ್ನು ನೋಡಿ, "ಏನ್ ಸಿಸ್ಟರಮ್ಮ, ನಾನು ಪೇಷಂಟನ್ನ ಸಾಗಿಸೋನು. ಪೇಷಂಟು ಇಷ್ಟು ದಪ್ಪ ಇದ್ರೆ ಹೇಗೆ?" ಎಂದ.

"ಸಾಗಿಸೋದು ಬೇಡ, ಸ್ವಲ್ಪ ರಕ್ತ ಕೊಡು ಸಾಕು" ಎಂದಳು ಸಿಸ್ಟರಮ್ಮ. ತಡವಿಲ್ಲದೆ ಅವನು ಗಾಡಿ ತಂದು ಪಕ್ಕಕ್ಕೆ ನಿಲ್ಲಿಸಿ, ತನ್ನ ಬ್ಯಾಟರಿಯಿಂದ ಲಾರಿಯ ಬ್ಯಾಟರಿಗೆ ತಂತಿ ಎಳೆದ.

ಸಿಸ್ಟರಮ್ಮನ ಕೈಚೀಲದಿಂದ ಸೊಂಟಕ್ಕೆ ಶಾಖ ಕೊಡುವ ರಬ್ಬರಿನ ಚೀಲವೂ ಹೊರಬಂತು. ಅದಕ್ಕೆ ಬಿಸಿನೀರು ತುಂಬಿ ಫಿಲ್ಟರಿಗೆ ಸುತ್ತಿ ಕಟ್ಟಿದರು. ಟ್ಯಾಂಕಿನಿಂದ ಬರುವ ಪೈಪಿನ ಮೇಲೆ ಹಳೇ ಬಟ್ಟೆ ಹೊದಿಸಿ ಕುದಿನೀರು ಸುರಿದರು. ಆರಿದರೆ ಮತ್ತೆ ಸುರಿದರು. ಬಿಸಿಲೂ ಬೀದಿಗೆ ಇಳಿಯಿತು. ಹೆಂಡತಿ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದಳು.

ಪೈಪಿನೊಳಗೆ ಸೇರಿದ ಗಾಳಿಯನ್ನು ಹೊರಗೆ ತೆಗೆಯುವುದು ಕೊನೆಯ ಕೆಲಸ. ಗಂಡ ಫಿಲ್ಟರಿನ ಮೇಲಿನ ಬೋಲ್ಟು ಸಡಿಲಿಸಿ ಕೈಪಂಪು ಒತ್ತತೊಡಗಿದ. ಮೊದಲೆಲ್ಲ ಗಾಳಿಯ ಸುಯ್ ಸದ್ದು ನಿಂತಿತೆಂದರೆ ಕಣ್ಣು ಮುಚ್ಚಿಕೊಂಡೇ ಬೋಲ್ಟು ಬಿಗಿಯುತ್ತಿದ್ದವನು. ಈಗ ತಲೆಯೆತ್ತಿ ಹೆಂಡತಿಯ ಕಡೆ ನೋಡಿದ.

"ಇನ್ನೂ ಇದೆ, ಒತ್ತಿ" ಎಂದಳು. "ಇನ್ನೂ... ಇನ್ನೂ... ಹಾಂ, ನಿಂತಿತು."

ಅವನು ಬೋಲ್ಟು ಬಿಗಿದ. ಹತ್ತಿ ಕೂತು ಕೀ ತಿರುಗಿಸಿದ. ಇಂಜಿನ್ನು ಎರಡು ಸಲ ಕೆಮ್ಮಿತು, ಬುಸ್ಸೆಂದು ಬಿಳಿ ಹೊಗೆ ಕಾರಿತು, ಮೈಯೆಲ್ಲ ಅಲ್ಲಾಡಿಸಿ ಹತ್ತಿಕೊಂಡಿತು. ಆಂಬುಲೆನ್ಸಿನವನು ಚಪ್ಪಾಳೆ ತಟ್ಟಿದ. ಬೇರೆ ದಿನವಾಗಿದ್ದರೆ ಗಂಡ ಹಲ್ಲು ಬಿಟ್ಟು ನಗುತ್ತಿದ್ದ. ಈಗ ಸ್ಟೇರಿಂಗಿನ ಮೇಲೆ ಅಂಗೈ ಊರಿ, ಅದರ ನಡುಕವನ್ನು ಅಂಗೈಯಲ್ಲೇ ಕೇಳುತ್ತ ಸುಮ್ಮನೆ ಕೂತಿದ್ದ.

ಇಳಿಯುವ ದಾರಿಯಲ್ಲಿ ಸಿಸ್ಟರಮ್ಮ ಕಿಟಕಿಯ ಕಡೆ, ಹೆಂಡತಿ ನಡುವೆ. ಕೈ ಮೊಣಕಾಲಿನ ಮೇಲೆಯೇ. ಲಾರಿ ಎಂದಿಗಿಂತ ನಿಧಾನ. ಬಹಳ ದೂರ ಹೋದ ಮೇಲೆ ಸಿಸ್ಟರಮ್ಮ, "ನಾನು ಎಷ್ಟೋ ವರ್ಷ ಕಿವಿ ಮೂಗಿನ ವಾರ್ಡಲ್ಲೇ ಇದ್ದೆ" ಎಂದಳು. "ನಿನ್ನೆ ಸಾಮಾನು ಏರಿಸುವಾಗಲೇ ನಂಗೆ ಅನುಮಾನ ಬಂತು. ತಪ್ಪು ತಿಳ್ಕೋಬೇಡಮ್ಮ. ಕಿವಿಗೆ ಮಷಿನ್ ಹಾಕಿದ್ರೆ ಮನೇಲಿ ಆಡೋ ಮಾತು ಕೇಳಿಸುತ್ತೆ. ಆದ್ರೆ ಕಿವಿ ಇಷ್ಟು ಮಂದವಾದ ಮೇಲೆ ಇಂಥ ಗಾಡಿ ಓಡಿಸೋದು ಬೇಡ. ನೀನೂ ಬದುಕಬೇಕಲ್ಲ."

"ಅವರಿಗೆ ನೀವೇ ಹೇಳಿ."

"ನಾನು ಯಾರು? ಈಗ ಇಳಿದು ಹೋಗೋಳು."

ಹೆಂಡತಿ ಗಂಡನ ಕಡೆ ತಿರುಗಲಿಲ್ಲ. ಅವನು ರಸ್ತೆ ನೋಡುತ್ತಲೇ, ಯಾರೂ ಕೇಳದಿದ್ದರೂ, ದೊಡ್ಡ ದನಿಯಲ್ಲಿ ಹೇಳಿದ: "ನನ್ನ ವಿಷಯ ಮಾತಾಡ್ತಿದ್ದೀರಿ ಅಂತ ಗೊತ್ತು. ಕಿವಿ ಹೋಗಿದೆ, ಬುದ್ಧಿ ಹೋಗಿಲ್ಲ. ಈ ಲೋಡು ಇಳಿಸಿ ಸೀದಾ ಮನೆಗೆ. ಆಮೇಲೆ ಇಲ್ಲ."

ಅವಳು ನಂಬಲಿಲ್ಲ. ಡ್ರೈವರುಗಳ ಇಂಥ ಶಪಥಗಳನ್ನು ಬಹಳ ಕೇಳಿದ್ದಳು. ಆದರೆ ಸಿಸ್ಟರಮ್ಮನ ಸಾಮಾನು ಇಳಿಸಿ ಮನೆ ಸೇರಿದವನು ಲಾರಿಯನ್ನು ತೊಳೆದ, ಬಹಳ ಹೊತ್ತು ತೊಳೆದ. ಮುಂದಿನ ಬಾಡಿಗೆಗೆ ಫೋನು ಬಂದಾಗ ಅವಳ ಕೈಗೆ ಕೊಟ್ಟು, "ಇಲ್ಲ ಅಂತ ಹೇಳು" ಎಂದ. ಕೆಲವು ವಾರ ಲಾರಿ ಮನೆ ಮುಂದೆಯೇ ನಿಂತಿತು. ದಿನವೂ ಬೆಳಿಗ್ಗೆ ಹೋಗಿ ಅದರ ಬಾಗಿಲು ತೆಗೆದು, ಒಳಗೆ ಕೂತು, ಇಳಿದು ಬರುತ್ತಿದ್ದ. ಕೊನೆಗೆ ಒಬ್ಬ ಇಟ್ಟಿಗೆ ವ್ಯಾಪಾರಿ ಬಂದು ಅದನ್ನು ಕೊಂಡು ಹೋದ. ಅವತ್ತು ಗಂಡ ಹಿತ್ತಲಲ್ಲಿ ಏನೋ ಕೆಲಸ ಹುಡುಕಿಕೊಂಡು ಅಲ್ಲೇ ಉಳಿದ. ಲಾರಿ ಹೊರಟ ಸದ್ದನ್ನು ಅವಳೊಬ್ಬಳೇ ಕೇಳಿದಳು.

ಕಿವಿಗೆ ಮಷಿನ್ನೂ ಬಂತು. ಮಗಳೇ ಜೊತೆಗೆ ನಿಂತು ಹಾಕಿಸಿದಳು. ಅವನಿಗೆ ಅದು ಹಿಡಿಸಲಿಲ್ಲ. "ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ ಕೇಳಿಸುತ್ತೆ" ಎನ್ನುತ್ತಿದ್ದ. ಮಗಳ ಫೋನು ಬಂದಾಗ ಮಾತ್ರ ಹಾಕಿಕೊಂಡು, ಈಗ ಎರಡು ಮಾತಿಗೆ ನಿಲ್ಲಿಸದೆ, ಅವಳ ಮನೆಯ ಕುಕ್ಕರಿನಿಂದ ಹಿಡಿದು ಅಳಿಯನ ಸ್ಕೂಟರಿನವರೆಗೆ ಎಲ್ಲವನ್ನೂ ವಿಚಾರಿಸುತ್ತಿದ್ದ. ಆಮೇಲೆ ತೆಗೆದು ಡಬ್ಬಿಯಲ್ಲಿಡುತ್ತಿದ್ದ. ಸಂಜೆಹೊತ್ತು ಹಳೇ ಗ್ಯಾರೇಜಿಗೆ ಹೋಗಿ ಕೂರುತ್ತಿದ್ದ. ಯಾರಾದರೂ "ಅಣ್ಣಾ, ಸ್ಟಾರ್ಟ್ ಆಗ್ತಿಲ್ಲ" ಎಂದು ಬಂದರೆ, "ನಂಗೆ ಕಿವಿ ಕೇಳಿಸಲ್ಲ. ಸದ್ದು ಹೇಗಿದೆ ಅಂತ ನೀನೇ ಹೇಳು" ಎನ್ನುತ್ತಿದ್ದ. ಹಾಗೆ ಬಾಯಿಬಿಟ್ಟು ಹೇಳುವುದು ಅವನಿಗೆ ಮೊದಲು ಕಷ್ಟವಾಯಿತು. ಆಮೇಲೆ ಅಷ್ಟು ಕಷ್ಟವಾಗಲಿಲ್ಲ.

ಅವಳಿಗೆ ಮೊದಲು ಏನು ಮಾಡಬೇಕೆಂದೇ ತೋಚಲಿಲ್ಲ. ಟೈರ್ ಅಂಗಡಿಯವನು ಬೀದಿಯಲ್ಲಿ ಸಿಕ್ಕಿ, "ಏನು ಕ್ಲೀನರಮ್ಮ, ಕೆಲಸ ಬಿಟ್ರಂತೆ?" ಎಂದಾಗ, "ಬಿಟ್ಟಿಲ್ಲಪ್ಪಾ, ರಜೆ" ಎಂದಳು. ಅಂದು ಮಧ್ಯಾಹ್ನ ಊಟವಾದ ಮೇಲೆ, ಸ್ವಲ್ಪ ಬೆನ್ನು ನೆಟ್ಟಗೆ ಮಾಡೋಣವೆಂದು ಮಂಚದ ಮೇಲೆ ಒರಗಿದಳು. ಗಂಡ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದ. ಲಾರಿ ಹೋದ ಮೇಲೆ ಅವನೇ ವಹಿಸಿಕೊಂಡ ಕೆಲಸ ಅದು. ಕಿವಿಯಲ್ಲಿ ಮಷಿನ್ ಇರಲಿಲ್ಲ. ತಟ್ಟೆಯ ಮೇಲೆ ತಟ್ಟೆ, ಲೋಟದ ಮೇಲೆ ಲೋಟ, ಬಾಣಲೆಯ ಮೇಲೆ ಸೌಟು, ಒಂದೊಂದನ್ನೂ ಎಸೆಯುತ್ತಿದ್ದನೋ ಎನ್ನುವಷ್ಟು ಗದ್ದಲ. ತಾನು ಎಷ್ಟು ಸದ್ದು ಮಾಡುತ್ತಿದ್ದೇನೆಂದು ಅವನಿಗೆ ತಿಳಿಯುವಂತಿರಲಿಲ್ಲ.

ಎದ್ದು ಹೋಗಿ ಭುಜ ತಟ್ಟಿ ಹೇಳಬೇಕೆಂದುಕೊಂಡಳು. ಕಾಲು ಏಳಲಿಲ್ಲ. ಏಳಬೇಕಾದ್ದೂ ಏನಿರಲಿಲ್ಲ. ಆ ಸದ್ದಿನಲ್ಲಿ ಯಾರಿಗೂ ದಾಟಿಸಬೇಕಾದ ಸುದ್ದಿ ಒಂದೂ ಇರಲಿಲ್ಲ. ಅವಳು ಗೋಡೆಯ ಕಡೆ ಮಗ್ಗುಲಾಗಿ, ಬಲಗೈಯನ್ನು ಕೆನ್ನೆಯಡಿ ಮಡಿಸಿಕೊಂಡು, ಆ ಗದ್ದಲದ ನಡುವೆಯೇ ನಿದ್ದೆಹೋದಳು.